ಬಲಗೈ ಗೊತ್ತು, ಎಡಗೈ ಗೊತ್ತಿಲ್ಲ

ಪುಂತಾ ಬುರಿ
೧೪ ಜುಲೈ ೧೯೯೬

ಪ್ರೀತಿಯ ಮನಾಂಗ್ ಪ್ರೆಸಿಂಗ್ ಅವರಿಗೆ,

ತರಬೇತಿ ಮುಗಿಸಿ ದ್ವೀಪಕ್ಕೆ ಬಂದು ಮೂರು ವಾರವಾಯಿತು. ಬೈಯಬೇಕೆಂದೇ ಕಾಗದ ತೆಗೆದಿದ್ದೇನೆ. ನಿಮ್ಮನ್ನಲ್ಲ ಅಕ್ಕಾ, ಉಳಿದವರನ್ನು. ನಾಲ್ಕು ದಿನ ನಾಲ್ಕು ಮಂದಿ ದೊಡ್ಡವರು ಗೋಡೆಯ ಮೇಲೆ ಅಕ್ಷರ ಬೆಳಗಿಸಿ, ಅಲ್ಲಿದ್ದುದನ್ನೇ ನಮಗೆ ಓದಿ ಹೇಳಿದರು. ಅರವತ್ತು ಜನ ಸಮಾಜ ವಿಜ್ಞಾನದ ಶಿಕ್ಷಕರಿಗೆ ಓದಲು ಬರುವುದಿಲ್ಲವೇ? "ಮಕ್ಕಳಿಗೆ ಉಪನ್ಯಾಸ ಕೊಡಬೇಡಿ" ಎಂದು ಎರಡು ಗಂಟೆ ಉಪನ್ಯಾಸ ಕೊಟ್ಟ ಮಹಾನುಭಾವರ ಹೆಸರು ಮರೆತೆ, ಅವರ ಆಕಳಿಕೆ ನೆನಪಿದೆ.

ಐದನೆಯ ದಿನ ನೀವು ಬಂದಿರಿ. ಸೀಮೆಸುಣ್ಣ ಕೂಡ ಮುಟ್ಟದೆ, "ಉತ್ತರ ನಿಮಗೆ ಮೊದ್ಲೇ ಗೊತ್ತಿದ್ರೆ ಅದು ಪ್ರಶ್ನೆ ಅಲ್ಲ ಕಣ್ರಮ್ಮಾ, ಬಲೆ" ಅಂದಿರಿ. ಆ ಒಂದು ಮಾತಿಗಾಗಿ ಐದು ದಿನದ ಸೆಕೆಯನ್ನು ಕ್ಷಮಿಸಿದ್ದೇನೆ.

ಬಂದವಳೇ ನೀವು ಹೇಳಿದ ಹಾಗೆ ಮಾಡಿದೆ. ಮನೆಯ ಹಿರಿಯರನ್ನು "ಇಲ್ಲಿ ಮೊದಲು ಏನಿತ್ತು?" ಎಂದು ಕೇಳಿ ಊರಿನ ನಕ್ಷೆ ಬರೆದು ತನ್ನಿ ಎಂದೆ. ಕಾಗದ ಯಾರ ಬಳಿ ಇದೆ? ಸಿಮೆಂಟ್ ಚೀಲ ಬಿಚ್ಚಿ ಅದರ ಒಳಮೈ ಮೇಲೆ ಬರೆದರು. ಒಬ್ಬ ತನ್ನ ಹಂದಿಯನ್ನು ಚರ್ಚಿಗಿಂತ ದೊಡ್ಡದಾಗಿ ಬರೆದ. ನಕ್ಕು ನಕ್ಕು ಸಾಕಾಯಿತು.

ಒಂದೇ ಒಂದು ಬೇಸರ. ಲುಮಿಂಗ್ ಎಂಬ ಹುಡುಗಿ ಇದ್ದಾಳೆ, ಐದನೆಯ ತರಗತಿ, ಅಜ್ಜಿಯೊಂದಿಗೆ ಇರುವವಳು. ಒಂದು ಸಾಲು ಬರೆಯಲು ಕಾಲು ಗಂಟೆ ಬೇಕು, ಅಕ್ಷರ ಕೋಳಿ ಕೆದರಿದ ಹಾಗೆ. ಅಂಥವಳು ತಂದ ನಕ್ಷೆ ನೋಡಿದರೆ ಮೂವತ್ತೊಂದು ಮನೆ, ಬಾವಿ, ದೋಣಿ ಕಟ್ಟುವ ಗೂಟ ಸಮೇತ ಅಚ್ಚು ಹಾಕಿದಂತೆ ಇದೆ. ಯಾರು ಬರೆದುಕೊಟ್ಟರು ಎಂದು ಕೇಳಿದರೆ ಬಾಯಿಯೇ ಬಿಡಲಿಲ್ಲ. ಬರೆದವರಿಗೂ ಊರು ಸರಿಯಾಗಿ ಗೊತ್ತಿಲ್ಲ ಬಿಡಿ, ಶಾಲೆ ಇರುವ ಜಾಗದಲ್ಲಿ ಶಾಲೆಯೇ ಇಲ್ಲ, ಬರೀ ಚೌಕ ಚೌಕ ಗೆರೆ. "ಬೇರೆಯವರ ಕೆಲಸ" ಎಂದು ಕೆಂಪು ಶಾಯಿಯಲ್ಲಿ ಬರೆದು ವಾಪಸು ಕೊಟ್ಟೆ. ಸುಳ್ಳು ನನಗೆ ಆಗುವುದಿಲ್ಲ, ನಿಮಗೇ ಗೊತ್ತಲ್ಲ.

ನಿಮ್ಮ ಶಿಷ್ಯೆ,
ಡೆಲ್ಫಾ


ನಗರ
೨೦ ಆಗಸ್ಟ್ ೧೯೯೬

ಇಂದಾಯ್ ಡೆಲ್ಫಾ,

ಸಿಹಿ ಸುದ್ದಿ, ಹುಡುಗೀ. ಅಕ್ಟೋಬರ್ ಹದಿನೈದಕ್ಕೆ ಮೇಲಿನ ಕಚೇರಿಯವರು ಮಾದರಿ ಪಾಠ ನೋಡಲು ಬರುತ್ತಾರೆ. ಸಮಾಜ ವಿಜ್ಞಾನಕ್ಕೆ ನಾನು ಪುಂತಾ ಬುರಿಯ ಹೆಸರು ಕೊಟ್ಟಿದ್ದೇನೆ. ಪಾಠ ಮೆಚ್ಚಿಗೆಯಾದರೆ ನಿಮ್ಮ ಶಾಲೆಗೆ ಎರಡು ಕೋಣೆ, ಇನ್ನೊಬ್ಬ ಶಿಕ್ಷಕಿ. ಐದು, ಆರು ಎರಡನ್ನೂ ಒಂದೇ ಕೋಣೆಯಲ್ಲಿ ಅರಚಿಕೊಂಡು ಕಲಿಸುವ ಕರ್ಮ ನಿನಗೆ ತಪ್ಪುತ್ತದೆ.

ಪಾಠ "ನಮ್ಮ ಊರು" ಎಂದಿರಲಿ. ಎಂಟು ಪ್ರಶ್ನೆ, ಎಂಟು ಉತ್ತರ ಬರೆದು ಕಳಿಸಿದ್ದೇನೆ. ಈಗಿನಿಂದಲೇ ದಿನಾ ಅಭ್ಯಾಸ ಮಾಡಿಸು. ಕೈಯ ನಿಯಮ ನಿನಗೆ ಹೇಳಿಕೊಡಬೇಕಿಲ್ಲ: ಏನೇ ಕೇಳಲಿ ಎಲ್ಲರೂ ಕೈ ಎತ್ತಬೇಕು, ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ನೀನು ಬಲಗೈಯವರನ್ನು ಮಾತ್ರ ಎಬ್ಬಿಸು. ತೀರಾ ಹಿಂದುಳಿದವರು ಆವತ್ತೊಂದು ದಿನ ಮನೆಯಲ್ಲಿರಲಿ. ಕಿಟಕಿಗೆ ಪರದೆ ಹಾಕಿಸು.

ಪ್ರೆಸೆಂತಾಸಿಯೊನ್ ಹಿಲಾದೊ
ವಿಷಯ ಪರಿವೀಕ್ಷಕಿ


ಪುಂತಾ ಬುರಿ
೨೭ ಆಗಸ್ಟ್ ೧೯೯೬

ಮನಾಂಗ್,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ, ಸಹಿ ನಿಮ್ಮದೇ ಹೌದೋ ಎಂದು ನೋಡಲು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ! ಜೂನ್‌ನಲ್ಲಿ ಅರವತ್ತು ಜನರ ಮುಂದೆ "ಬಲೆ" ಎಂದಿರಿ, ಆಗಸ್ಟಿನಲ್ಲಿ ಅದೇ ಬಲೆಗೆ ಎಂಟು ಗಂಟು ಹಾಕಿ ಟಪಾಲಿನಲ್ಲಿ ಕಳಿಸಿದ್ದೀರಿ.

ನಾನು ಮಾಡಿಸುವುದಿಲ್ಲ. ಎರಡು ತಿಂಗಳು ಒಂದೇ ಪಾಠವನ್ನು ಗಿಣಿಗಳಿಗೆ ಕಲಿಸಿದಂತೆ ಕಲಿಸಿ, ಬಂದವರ ಮುಂದೆ ಅದೇ ಮೊದಲ ಸಲ ಕೇಳುತ್ತಿರುವಂತೆ ಮುಖ ಮಾಡುವುದನ್ನು ಮಕ್ಕಳಿಗೆ ಹೇಳಿಕೊಡಬೇಕೇ? ಅದು ಯಾವ ಸಮಾಜದ ವಿಜ್ಞಾನ?

ಇನ್ನು ಮನೆಯಲ್ಲಿರಬೇಕಾದವರು. ಆ ಲುಮಿಂಗ್ ಹೆಸರು ಆ ಪಟ್ಟಿಯಲ್ಲಿ ಮೊದಲು ಬರುತ್ತದೆ. ನಗರದಲ್ಲಿರುವ ಅವಳ ಚಿಕ್ಕಮ್ಮ ಅವಳನ್ನು ಮನೆಗೆಲಸಕ್ಕೆ ಕಳಿಸು ಎಂದು ಒಂದು ವರ್ಷದಿಂದ ಹೇಳಿ ಕಳಿಸುತ್ತಿದ್ದಾಳೆ. ಅಜ್ಜಿ ಲೋಲಾ ಬಸ್ಯಾ ನನ್ನ ಎದುರೇ ಹೇಳಿದ್ದಾಳೆ, "ಸ್ಕೂಲಿಗೆ ಇವ್ಳು ಬೇಕು ಅನ್ನೋ ತನಕ ನಾನು ಕಳ್ಸಲ್ಲ ಟೀಚರಮ್ಮಾ" ಎಂದು. ಈಗ ನಾನೇ ಹೋಗಿ "ನಾಳೆ ಬರಬೇಡ" ಎಂದರೆ ಆ ಮುದುಕಿ ಏನೆಂದುಕೊಳ್ಳಬೇಕು?

ನಿಮ್ಮ ಎಂಟು ಪ್ರಶ್ನೆ ಇದೇ ಲಕೋಟೆಯಲ್ಲಿವೆ. ವಾಪಸು ತಗೊಳ್ಳಿ.

ಡೆಲ್ಫಿನಾ ಪಾಲ್ಮಾರೆಸ್


ನಗರ
೯ ಸೆಪ್ಟೆಂಬರ್ ೧೯೯೬

ಮಿಸ್ ಪಾಲ್ಮಾರೆಸ್,

ಸರಿ. "ನಮಗೆ ಕೋಣೆ ಬೇಡ, ಶಿಕ್ಷಕಿ ಬೇಡ" ಎಂದು ಒಂದು ಸಾಲು ಬರೆದು, ಮಕ್ಕಳ ತಂದೆತಾಯಿಯರ ಸಹಿ ಹಾಕಿಸಿ ಕಳಿಸು. ಮುಂದಿನ ಮಳೆಗಾಲದಲ್ಲಿ ಸೋರುವ ಮಾಡಿನ ಕೆಳಗೆ ನಿಂತು ನಿನ್ನ ಸತ್ಯವನ್ನು ಕಲಿಸು. ಮಕ್ಕಳು ನೆನೆಯಲಿ, ನಿನ್ನ ಮನಸ್ಸು ಒಣಗಿರಲಿ.

ಕೈಯ ನಿಯಮ ಕಂಡರೆ ಈಗ ಮೈ ಉರಿಯುತ್ತದೆಯೋ? ೧೯೭೯ರಲ್ಲಿ ನನ್ನ ಆರನೆಯ ತರಗತಿಯಲ್ಲಿ ಕೆಂಪು ರಿಬ್ಬನ್ ಕಟ್ಟಿಕೊಂಡು ಮುಂದಿನ ಬೆಂಚಿನಲ್ಲಿ ಕೂತು ಬಲಗೈ ಎತ್ತುತ್ತಿದ್ದವಳು ಯಾರು? ಆವತ್ತು ಪಾಠ ನೋಡಲು ಬಂದ ಅತಿಥಿಗಳು ನಿನ್ನ ಹೆಸರು ಕೇಳಿ ಬರೆದುಕೊಂಡರು. ಅದರಿಂದ ನಿನಗೆ ವಿದ್ಯಾರ್ಥಿವೇತನ ಬಂತು, ಓದಿದೆ, ಟೀಚರಾದೆ. ನನ್ನ ಬಲೆಯಲ್ಲಿ ಸಿಕ್ಕ ಮೀನು ಇವತ್ತು ನನಗೇ ಈಜು ಹೇಳಿಕೊಡುತ್ತಿದೆ.

ಗೊತ್ತಿಲ್ಲದ ಮಗುವನ್ನು ಹತ್ತು ಜನ ಹಿರಿಯರ ಮುಂದೆ ಎಬ್ಬಿಸಿ ನಿಲ್ಲಿಸುವುದು ಕ್ರೌರ್ಯ. ಎಡಗೈ ಅದನ್ನು ಕಾಪಾಡುತ್ತದೆ. ಕರುಣೆಯಿಂದಲೇ ಮಾಡಿದ ನಿಯಮ ಅದು. ಎಂಟು ಪ್ರಶ್ನೆ ಮತ್ತೆ ಕಳಿಸಿದ್ದೇನೆ.

ಪ್ರೆ. ಹಿಲಾದೊ


ಪುಂತಾ ಬುರಿ
೧೯ ಅಕ್ಟೋಬರ್ ೧೯೯೬

ಮನಾಂಗ್,

ಆಯಿತಲ್ಲ, ಸಂತೋಷವೇ? ನೀವು ಹಿಂದಿನ ಬೆಂಚಿನಲ್ಲಿ ಕೂತು ನೋಡಿದಿರಿ. ಆದರೆ ನಾನು ನಿಂತ ಜಾಗದಿಂದ ಏನು ಕಾಣಿಸಿತೆಂದು ನಿಮಗೆ ಗೊತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಸೋತೆ. ಎರಡು ಕೋಣೆಯ ಆಸೆಗೆ ಸೋತೆ. ನಮ್ಮ ಮುಖ್ಯೋಪಾಧ್ಯಾಯ ಸರ್ ಎಲ್ಪಿಡಿಯೊ "ನಿನ್ನೊಬ್ಬಳ ಹಟಕ್ಕೆ ಊರೇ ಯಾಕಮ್ಮಾ ನೆನೀಬೇಕು?" ಎಂದಾಗ ನಿಮ್ಮ ಎಂಟು ಪ್ರಶ್ನೆ ಹೊರತೆಗೆದೆ. ದಿನಾ ಅಭ್ಯಾಸ ಮಾಡಿಸಿದೆ, ಬಲಗೈಯವರನ್ನು ಎಬ್ಬಿಸಿದೆ. ಯಾವಾಗಲೂ ಎಡಗೈ ಎತ್ತುವವರ ಪಟ್ಟಿ ತಾನಾಗಿಯೇ ಸಿದ್ಧವಾಯಿತು. ಏಳು ಜನ. ಹೋಗಿ ಹೇಳಿಬಂದೆ. ಲುಮಿಂಗ್‌ಗೆ ಹೇಳಿದಾಗ "ಯಾಕೆ ಮೇಡಂ, ನಾನು ಕೈ ಎತ್ತಿದ್ನಲ್ಲಾ?" ಅಂದಳು. "ಅದಕ್ಕೇ" ಅಂದೆ. ನನ್ನ ಬಾಯಿಂದ ಬಂದ ಮಾತು ಅದು.

ತಾಯಂದಿರು ಹಳದಿ ಪರದೆ ಹೊಲಿದರು. ಒಂದು ಇಡೀ ಹಂದಿ ಸುಟ್ಟರು, ದೊಡ್ಡ ತಟ್ಟೆಯಲ್ಲಿ ಪನ್ಸಿತ್ ಶ್ಯಾವಿಗೆ, ಅತಿಥಿಗಳಿಗೆ ಹೂಮಾಲೆ. ಎಂಟು ಪ್ರಶ್ನೆಗಳೂ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಡೆದವು. ಆಮೇಲೆ ನಿಮ್ಮ ದೊಡ್ಡ ಸಾಹೇಬರು ಖುಷಿಯಾಗಿ ಎದ್ದು ಒಂಬತ್ತನೆಯದನ್ನು ಕೇಳಿದರಲ್ಲ, "ಈ ಸ್ಕೂಲ್ ಕಟ್ಟೋಕೆ ಮುಂಚೆ ಈ ಜಾಗದಲ್ಲಿ ಏನಿತ್ತು ಮಕ್ಳೇ?"

ಹದಿನೇಳು ಕೈ ಮೇಲೆದ್ದವು. ಹದಿನೇಳೂ ಎಡ.

"ಅಬ್ಬಾ, ಎಲ್ರಿಗೂ ಗೊತ್ತಲ್ಲಾ! ನೀವೇ ಒಬ್ರನ್ನ ಎಬ್ಸಿ ಮೇಡಂ" ಅಂದರು. ಉತ್ತರ ನನಗೂ ಗೊತ್ತಿರಲಿಲ್ಲ, ಮನಾಂಗ್. ನೀವು ಜೂನ್‌ನಲ್ಲಿ ಹೇಳಿದಂಥ ನಿಜವಾದ ಪ್ರಶ್ನೆ ಆ ದಿನ ಬಂದದ್ದು ಅದೊಂದೇ.

ಆಗ ಕಿಟಕಿಯ ಕಡೆ ನೋಡಿದೆ. ಲುಮಿಂಗ್ ಹೊರಗೆ ನಿಂತಿದ್ದಾಳೆ. ಒಗೆದ ಸಮವಸ್ತ್ರ, ಬರಿಗಾಲು. ಸರಳಿನ ಸಂದಿಯಲ್ಲಿ ಕೈ ಮೇಲಕ್ಕೆತ್ತಿ, ತುದಿಗಾಲಲ್ಲಿ ನಿಂತಿದ್ದಾಳೆ. ಅದೂ ಎಡಗೈ. ಬರಬೇಡ ಎಂದರೂ ಬಂದಿದ್ದಾಳೆ, ಸಾಲದ್ದಕ್ಕೆ ಇನ್ನೊಂದು ಎಡಗೈ! "ಬಿಸಿಲು ಜಾಸ್ತಿ ಸರ್" ಎಂದು ಹೇಳಿ ಹೋಗಿ ಪರದೆ ಎಳೆದೆ. ಬಟ್ಟೆಯ ಮೇಲೆ ಅವಳ ಕೈಯ ನೆರಳು ಸ್ವಲ್ಪ ಹೊತ್ತು ಹಾಗೇ ಇತ್ತು.

ನಮ್ಮ ಮಾನಿಟರ್ ಕ್ಲಾರಿಟಾಳ ಕಡೆ ಕಣ್ಣು ಮಾಡಿದೆ. ಅವಳು ಜಾಣೆ, "ತೆಂಗಿನ ತೋಟ ಸರ್" ಎಂದು ಬಾಯಿಗೆ ಬಂದದ್ದು ಹೇಳಿದಳು. ಸಾಹೇಬರು ಪುಸ್ತಕದಲ್ಲಿ ಬರೆದುಕೊಂಡರು. ನೀವು ಚಪ್ಪಾಳೆ ತಟ್ಟಿದಿರಿ.

ಆವತ್ತಿನಿಂದ ಲುಮಿಂಗ್ ಶಾಲೆಗೆ ಬಂದಿಲ್ಲ.

ಡೆಲ್ಫಿನಾ


ನಗರ
೪ ನವೆಂಬರ್ ೧೯೯೬

ಇಂದಾಯ್,

"ಅತ್ಯುತ್ತಮ" ಎಂದು ಬರೆದಿದ್ದಾರೆ. ಕೋಣೆಗಳು ಮಂಜೂರಾಗುತ್ತವೆ. ಮುಂದಿನ ಮೇ ತಿಂಗಳ ತರಬೇತಿಯಲ್ಲಿ ನಿನ್ನ ಪಾಠವನ್ನೇ ಮಾದರಿಯಾಗಿ ಹೇಳುತ್ತೇನೆ.

ಒಂದು ಮಗು ನಾಲ್ಕು ದಿನ ಬರಲಿಲ್ಲವೆಂದು ಎದೆ ಬಡಿದುಕೊಳ್ಳಬೇಡ. ಮನೆಯಲ್ಲಿ ಮೀನಿನ ಕೆಲಸ ಕಡಿಮೆಯಾದರೆ ಬರುತ್ತಾಳೆ. ಮೂವತ್ತೆರಡು ವರ್ಷದಲ್ಲಿ ಇಂಥವರನ್ನು ಎಷ್ಟು ನೋಡಿದ್ದೇನೆ.

ಪ್ರೆಸಿಂಗ್


ಪುಂತಾ ಬುರಿ
೧ ಡಿಸೆಂಬರ್ ೧೯೯೬

ಮನಾಂಗ್,

ನಿಮ್ಮ "ಅತ್ಯುತ್ತಮ"ವನ್ನು ಒಲೆಗೆ ಹಾಕಿ.

ನಿನ್ನೆ ಲೋಲಾ ಬಸ್ಯಾಳ ಮನೆಗೆ ಹೋದೆ. ಆರು ವಾರ ಬಿಟ್ಟು ಹೋದೆ, ನನಗೂ ಮುಖ ಬೇಕಲ್ಲ. ಮುದುಕಿ ಬಾಗಿಲಲ್ಲಿ ಕೂತು ಮೀನಿನ ಪೊರೆ ತೆಗೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಇಲ್ಲ ಅವ್ಳು. ಚಿಕ್ಕಮ್ಮ ಬಂದು ಕರ್ಕೊಂಡ್ ಹೋದ್ಲು. ಯಾರ್ದೋ ಮನೇಲಿ ಪಾತ್ರೆ ತೊಳೀತಾಳೆ. ಸ್ಕೂಲಿಗೆ ಬೇಡ ಅಂದ್ಮೇಲೆ ನಾನೇನು ಕಟ್ಟಿಹಾಕ್ಲಾ?"

ಒಳಗೆ ಗೋಡೆಯ ಮೇಲೆ ಆ ಸಿಮೆಂಟ್ ಚೀಲದ ನಕ್ಷೆ, ನನ್ನ ಕೆಂಪು ಶಾಯಿಯ ಸಮೇತ. ನಾಲ್ಕು ಮೊಳೆ ಹೊಡೆದು ಮರ್ಯಾದೆಯಿಂದ ಹಾಕಿದ್ದಾರೆ. "ಇದನ್ನು ಬರೆದದ್ದು ಯಾರು ಲೋಲಾ?" ಎಂದೆ.

"ಇನ್ಯಾರು? ನಾನು ಹೇಳ್ತಾ ಹೋದೆ, ಅವ್ಳು ಬರೀತಾ ಹೋದ್ಲು. ಎರಡು ದಿನ ಊಟಕ್ಕೂ ಏಳ್ಲಿಲ್ಲ ಮುಂಡೇದು."

"ಶಾಲೆ ಇರುವ ಕಡೆ ಈ ಚೌಕ ಏನು?"

"ಉಪ್ಪಿನ ಆಗರ. ನೀವು ನಿಂತು ಪಾಠ ಹೇಳೋದು ನಮ್ಮಪ್ಪ ಉಪ್ಪು ಬೆಳೆದ ಜಾಗದ ಮೇಲೆ. ಇಲ್ಲಿ ಮೊದ್ಲು ಏನಿತ್ತು ಅಂತ ನೀವೇ ಅಲ್ವಾ ಕೇಳಿದ್ದು?"

ತೆಂಗಿನ ತೋಟ ಅಲ್ಲ, ಮನಾಂಗ್. ಉಪ್ಪು. ಆ ಕಿಟಕಿಯ ಹೊರಗೆ ನಿಂತವಳಿಗೆ ಗೊತ್ತಿತ್ತು. ಇಡೀ ಶಾಲೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

"ಮತ್ತೆ ಎಡಗೈ ಯಾಕೆ ಎತ್ತಿದಳು? ತರಗತಿಯಲ್ಲಿ ಅವಳ ಅಕ್ಷರ ಹೀಗಿರುವುದಿಲ್ಲವಲ್ಲ?" ಎಂದು ಕೇಳಿದೆ. ಮುದುಕಿ ಆಗ ತಲೆ ಎತ್ತಿ ನೋಡಿದಳು. ಆ ನೋಟ ಸಾಯುವ ತನಕ ಮರೆಯುವುದಿಲ್ಲ.

"ಅವ್ಳು ಎಡಚಿ ಟೀಚರಮ್ಮಾ. ಒಂದನೇ ಕ್ಲಾಸಲ್ಲಿ ಆ ಕೈಗೆ ಕೋಲಲ್ಲಿ ಬಾರಿಸಿ ಬಾರಿಸಿ ಬಲಗೈಲಿ ಬರ್ಸಿದ್ರು. ಮನೇಲಿ ಎಲ್ಲಾ ಎಡಗೈಯೇ. ಒಂದು ತಿಂಗ್ಳು ಕೈ ಎತ್ತಿದೆ, ಮೇಡಂ ಒಂದ್ ಸಲಾನೂ ನನ್ನ ಕೇಳ್ಲಿಲ್ಲ ಲೋಲಾ ಅಂತ ಅತ್ಲು. ಯಾಕೆ ಕೇಳ್ಲಿಲ್ಲ?"

ನಿಯಮ ನಿಮ್ಮದು, ಕಣ್ಣು ನನ್ನದು. ನಾಲ್ಕು ತಿಂಗಳು ದಿನಾ ಎದುರಿಗೆ ಕೂತ ಮಗು ಯಾವ ಕೈಯವಳೆಂದು ನೋಡದ ನಾನು ಊರಿನ ನಕ್ಷೆ ಬರೆಸಲು ಹೊರಟಿದ್ದೆ. ನನ್ನ ಮೇಲೆ ನನಗೇ ಇಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ. ನಿಮ್ಮ ಮೇಲಿನದು ಅದರ ಮೇಲೆ.

ಚಿಕ್ಕಮ್ಮನ ವಿಳಾಸ ಹಿಂಬದಿಯಲ್ಲಿದೆ. ನಾನು ಶಾಲೆ ಬಿಟ್ಟು ಬರುವಂತಿಲ್ಲ. ನೀವು ಅದೇ ನಗರದಲ್ಲಿದ್ದೀರಿ. ಅವಳನ್ನು ಹುಡುಕಿ. ಪರಿವೀಕ್ಷಕಿ ಅಲ್ಲವೇ? ಪರಿವೀಕ್ಷಿಸಿ.

ಡೆಲ್ಫಿನಾ


ನಗರ
೮ ಜನವರಿ ೧೯೯೭

ಡೆಲ್ಫಾ,

ಸಿಕ್ಕಿದಳು. ಚಿಕ್ಕಮ್ಮ ಮನೆ ಬದಲಿಸಿದ್ದಳು, ಅದಕ್ಕೇ ಇಷ್ಟು ದಿನ. ಕ್ರಿಸ್‌ಮಸ್ ರಜೆಯೆಲ್ಲ ಮಾರುಕಟ್ಟೆಯ ಹಿಂದಿನ ಓಣಿಗಳಲ್ಲಿ ಬಾಗಿಲು ತಟ್ಟುತ್ತ ಕಳೆದೆ. ಅರವತ್ತನೆಯ ವಯಸ್ಸಿನಲ್ಲಿ ಮೊಣಕಾಲಿಗೆ ಒಳ್ಳೆಯ ತರಬೇತಿ.

ಅವಳಿದ್ದದ್ದು ನಿವೃತ್ತ ಶಿಕ್ಷಕಿಯೊಬ್ಬಳ ಮನೆ. ನನಗೆ ಗುರುತಿನವಳಲ್ಲ, ಆದರೆ ನನ್ನನ್ನು ಗುರುತಿಸಿ ಕುರ್ಚಿ ಹಾಕಿದಳು. ಹುಡುಗಿ ಕಾಫಿ ತಂದು ಎಡಗೈಯಲ್ಲಿ ಕೊಟ್ಟಳು. "ಬಲಗೈಲಿ ಕೊಡೇ, ಎಷ್ಟ್ ಸಲ ಹೇಳೋದು" ಎಂದು ಮನೆಯಾಕೆ ಗದರಿದಳು. ಕಪ್ಪು ಈ ಕೈಯಿಂದ ಆ ಕೈಗೆ ಹೋಗುವಾಗ ತಟ್ಟೆಯಲ್ಲಿ ಕಾಫಿ ಚೆಲ್ಲಿತು.

ಹೊರಗೆ ಕರೆದು ಕೇಳಿದೆ. "ಗೊತ್ತಿದ್ರೆ ಬಲಗೈ ಅಂತ ನಿಯಮ ಇತ್ತಲ್ಲ ಮಗಾ, ನೆನಪಿರ್ಲಿಲ್ವಾ?"

"ನೆನಪಿತ್ತು ಮೇಡಂ. ಗೊತ್ತಿಲ್ದಿದ್ದಾಗ ಯೋಚ್ನೆ ಮಾಡಿ ಎತ್ಬೋದು. ಗೊತ್ತಿದ್ದಾಗ ಅದೇ ಎದ್ದುಬಿಡುತ್ತೆ."

ಮೂವತ್ತೆರಡು ವರ್ಷ, ಡೆಲ್ಫಾ. ಪ್ರತಿ ಬೇಸಿಗೆ ಅರವತ್ತು ಶಿಕ್ಷಕರು, ಅವರ ಕೈಕೆಳಗೆ ಎಷ್ಟು ಮಕ್ಕಳು? ಅದರಲ್ಲಿ ಎಡಚರು ಎಷ್ಟು? ಕರುಣೆ ಎಂದು ಬರೆದಿದ್ದೆ. ಆ ಪತ್ರ ಇದ್ದರೆ ಹರಿದುಹಾಕು. ಬೇಡ, ಇಟ್ಟುಕೋ. ಉಪ್ಪು ತಿಂದವಳು ನೀರು ಕುಡಿಯಲೇಬೇಕು.

ಆದರೆ ಒಂದು ಮಾತು ಕೇಳು, ನನಗೂ ಸಿಟ್ಟಿದೆ. ಪರದೆ ಎಳೆದದ್ದು ನನ್ನ ಕೈಯಲ್ಲ. "ಊರಿಗೆ ಹೋಗೋಣ ಬಾ" ಎಂದಾಗ ಹುಡುಗಿ ಕೇಳಿದ್ದು ಒಂದೇ: "ಆ ಹಳ್ದಿ ಪರದೆ ಇನ್ನೂ ಇದ್ಯಾ ಮೇಡಂ?" ಆ ಉತ್ತರ ನೀನು ಕೊಡಬೇಕಾದದ್ದು.

ಚಿಕ್ಕಮ್ಮನನ್ನು ಒಪ್ಪಿಸಿದ್ದೇನೆ. ಶನಿವಾರ ನಿಮ್ಮೂರಿನ ನೋಂಗ್ ಟಿನೊ ಅಣ್ಣನ ದೋಣಿಗೆ ನಾನೇ ಹತ್ತಿಸುತ್ತೇನೆ.

ಪ್ರೆಸಿಂಗ್


ಪುಂತಾ ಬುರಿ
೨ ಫೆಬ್ರವರಿ ೧೯೯೭

ಮನಾಂಗ್ ಪ್ರೆಸಿಂಗ್,

ಬಂದಿದ್ದಾಳೆ. ಮೂರು ವಾರವಾಯಿತು.

ಪರದೆ ಇಲ್ಲ. ನಿಮ್ಮ ಪತ್ರ ಬಂದ ದಿನವೇ ಕಿತ್ತು, ಕರಿಹಲಗೆ ಒರೆಸಲು ತುಂಡು ಮಾಡಿದೆ. ಸರ್ ಎಲ್ಪಿಡಿಯೊ "ಹುಚ್ಚು ಹಿಡೀತಾ ನಿಂಗೆ, ಹೊಸಾ ಬಟ್ಟೆ!" ಎಂದು ಕೂಗಾಡಿದರು. ನಾನೂ ಕೂಗಿದೆ. ಮಕ್ಕಳು ಖುಷಿಯಾಗಿ ನೋಡಿದರು.

ಲುಮಿಂಗ್ ಬಂದ ಮೊದಲ ಸೋಮವಾರ ತರಗತಿಯ ಮುಂದೆ ಹೇಳಿದೆ: ತೆಂಗಿನ ತೋಟ ಸುಳ್ಳು, ಆ ಸುಳ್ಳು ನನ್ನದು. ಲೋಲಾ ಬಸ್ಯಾಳಿಂದ ನಕ್ಷೆ ಕೇಳಿ ತಂದು ಕರಿಹಲಗೆಯ ಪಕ್ಕ ಹಾಕಿದ್ದೇನೆ. ಕೆಂಪು ಶಾಯಿ ಎಷ್ಟು ಉಜ್ಜಿದರೂ ಹೋಗಲಿಲ್ಲ, ಚೀಲವೇ ಹರಿಯತೊಡಗಿತು. ಅದರ ಕೆಳಗೆ "ಇದು ಟೀಚರ್ ತಪ್ಪು" ಎಂದು ಬರೆದು ಸಹಿ ಹಾಕಿದೆ. ಕೈಯ ನಿಯಮ ಸತ್ತಿತು, ಯಾವ ಕೈ ಬೇಕಾದರೂ ಎತ್ತಿ, ಗೊತ್ತಿಲ್ಲದಿದ್ದರೆ ಸುಮ್ಮನೆ ಕೂತಿರಿ ಎಂದೆ. ಅವಳಿಗೆ ಎಡಗೈಯಲ್ಲೇ ಬರೆ ಎಂದೆ. ಬರೆಯುತ್ತಾಳೆ, ಅಚ್ಚಿನಂಥ ಅಕ್ಷರ.

ಮೇ ತಿಂಗಳಲ್ಲಿ ನೀವು ಅರವತ್ತು ಜನರ ಮುಂದೆ ನಿಲ್ಲುತ್ತೀರಿ. ನನ್ನ ಪಾಠವನ್ನು ಮಾದರಿ ಎಂದು ಹೇಳುತ್ತೇನೆ ಎಂದಿದ್ದಿರಿ. ಹೇಳಿ. ಒಂದೂ ಬಿಡದೆ ಹೇಳಿ, ಹದಿನೇಳು ಎಡಗೈ, ಕಿಟಕಿ, ಪರದೆ, ನಿಮ್ಮ ಚಪ್ಪಾಳೆ, ಎಲ್ಲವನ್ನೂ. ನನ್ನ ಹೆಸರನ್ನೂ ಹೇಳಿ, ನಿಮ್ಮದನ್ನೂ. ಹೇಳದಿದ್ದರೆ ನಾನು ಹಿಂದಿನ ಬೆಂಚಿನಲ್ಲಿ ಎದ್ದು ನಿಲ್ಲುತ್ತೇನೆ, ಕೈ ಎತ್ತದೆಯೇ.

ಈಗ ಮುಖ್ಯವಾದದ್ದು. ಮೊನ್ನೆ ಶುಕ್ರವಾರ ಅದೇ ಪ್ರಶ್ನೆ ಕೇಳಿದೆ, "ಈ ಶಾಲೆ ಕಟ್ಟುವ ಮೊದಲು ಇಲ್ಲಿ ಏನಿತ್ತು?" ನಕ್ಷೆ ಎದುರಿಗೇ ಇದೆ. ಎಡಗೈ, ಬಲಗೈ ಎಲ್ಲ ಎದ್ದವು, ಒಬ್ಬ ಎರಡನ್ನೂ ಎತ್ತಿ ಬೆಂಚಿನ ಮೇಲೆ ಕುಣಿದ. ಯಾರನ್ನೂ ಎಬ್ಬಿಸದೆ ಲುಮಿಂಗ್ ಕಡೆ ನೋಡಿದೆ.

ಅವಳು ನಕ್ಷೆಯನ್ನೇ ನೋಡುತ್ತಿದ್ದಳು. ಎರಡು ಕೈಗಳನ್ನೂ ತೊಡೆಯ ಕೆಳಗೆ ಹಾಕಿಕೊಂಡು, ಅವು ಎದ್ದುಬಿಡದ ಹಾಗೆ, ಅವುಗಳ ಮೇಲೆ ಭಾರ ಬಿಟ್ಟು ಕೂತಿದ್ದಳು.

ನಾನು ಕಾದೆ. ಗಂಟೆ ಹೊಡೆಯಿತು. ನಾಳೆಯೂ ಕೇಳುತ್ತೇನೆ.

ಡೆಲ್ಫಾ